ಇಸ್ರೇಲ್ ಮೇಲಿನ ಪ್ರೀತಿ ತೋರಿಸಿ ಕೇರ್‌ಗಿವರ್ ವೀಸಾ ಮಾರುತ್ತಿದ್ದಾರೆ, ದಯವಿಟ್ಟು ಓದಿ

ಮೊದಲು ಮುಖ್ಯ ವಿಷಯ ಹೇಳಿಬಿಡುತ್ತೇನೆ. ನಾನು ಯಾರಿಗೂ ಇಸ್ರೇಲ್ ವೀಸಾ ಕೊಡಿಸುವುದಿಲ್ಲ. ಯಾವ ಏಜೆಂಟನ ಜೊತೆಗೂ ನನಗೆ ಸಂಬಂಧವಿಲ್ಲ. ನನ್ನ ಫೋಟೋ, ನನ್ನ ಧ್ವನಿ, ನಾನು ಇಸ್ರೇಲ್ ಪರವಾಗಿ ಆಡಿದ ಮಾತು ತೋರಿಸಿ ಯಾರಾದರೂ ದುಡ್ಡು ಕೇಳಿದರೆ ಒಂದು ರೂಪಾಯಿಯೂ ಕೊಡಬೇಡಿ. ಈಗಾಗಲೇ ಕೊಟ್ಟವರಿದ್ದಾರೆ. ಕಾರ್ಕಳ, ಮೂಡುಬಿದಿರೆ, ಕುಂದಾಪುರ ಕಡೆಯವರು. ಅವರಲ್ಲಿ ಒಬ್ಬಳು ಜೋರ್ಡಾನ್‌ನ ಅಮ್ಮಾನ್ ತನಕ ಹೋಗಿ, ದೇವರ ದಯೆಯಿಂದ ಜೀವಂತ ವಾಪಸ್ ಬಂದಿದ್ದಾಳೆ. ಅದನ್ನು ಹೇಳಲಿಕ್ಕೇ ಕೂತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಆದರೂ ಮನೆಯಲ್ಲಿ ಯಾರಾದರೂ ಇಸ್ರೇಲಿಗೆ ಹೋಗುವ ಯೋಚನೆಯಲ್ಲಿದ್ದರೆ ಕೊನೆಯವರೆಗೆ ಓದಿ.

ನಾನು ಇಸ್ರೇಲಿನ ಹೈಫಾ ನಗರದಲ್ಲಿ ಕೇರ್‌ಗಿವರ್ ಆಗಿದ್ದವಳು. ಕಾರ್ಮೆಲ್ ಬೆಟ್ಟದ ಮೇಲಿನ ಒಂದು ಮನೆಯಲ್ಲಿ ಒಬ್ಬ ಅಜ್ಜಿಯನ್ನು ನೋಡಿಕೊಳ್ಳುತ್ತಿದ್ದೆ. ಅಜ್ಜಿ ತೀರಿಕೊಂಡ ಮೇಲೆ ಊರಿಗೆ ಬಂದೆ. ನಮ್ಮ ದಕ್ಷಿಣ ಕನ್ನಡ, ಉಡುಪಿ ಕಡೆಯಿಂದ ಈ ಕೆಲಸಕ್ಕೆ ಹೋದವರು ಎಷ್ಟೋ ಜನ ಇದ್ದಾರೆ, ಪ್ರತಿ ಊರಿನಲ್ಲೂ ಒಂದಾದರೂ ಇಸ್ರೇಲ್ ದುಡ್ಡಿನ ಮನೆ ಕಾಣುತ್ತದೆ ಅಲ್ವಾ. 2023ರ ಅಕ್ಟೋಬರ್ 7ರಂದು ನಾನು ಅಲ್ಲೇ ಇದ್ದೆ. ಗಾಜಾದಿಂದ ನುಗ್ಗಿದ ಹಮಾಸ್ ಉಗ್ರರು ಒಂದೇ ದಿನ ಸುಮಾರು 1,200 ಜನರನ್ನು ಕೊಂದರು, 251 ಜನರನ್ನು ಗಾಜಾಕ್ಕೆ ಎಳೆದುಕೊಂಡು ಹೋದರು. ಸತ್ತವರಲ್ಲಿ ಹೊಲದ ಕೆಲಸಕ್ಕೆ ಬಂದಿದ್ದ ಥಾಯ್ಲೆಂಡಿನವರಿದ್ದರು, ಕೃಷಿ ಕಲಿಯಲು ಬಂದಿದ್ದ ನೇಪಾಳದ ಹುಡುಗರಿದ್ದರು. ಗಾಜಾ ಗಡಿಯ ಒಂದು ಕೃಷಿ ಸಮುದಾಯದ ಹಳ್ಳಿ, ಅಂದರೆ ಕಿಬ್ಬುತ್ಸ್‌ನಲ್ಲಿ ಕೇರಳದ ಇಬ್ಬರು ಕೇರ್‌ಗಿವರ್‌ಗಳು ಸುರಕ್ಷಾ ಕೋಣೆಯ ಬಾಗಿಲಿನ ಹಿಡಿಯನ್ನು ಗಂಟೆಗಟ್ಟಲೆ ಒಳಗಿನಿಂದ ಹಿಡಿದು ನಿಂತು, ತಾವು ನೋಡಿಕೊಳ್ಳುತ್ತಿದ್ದ ಹಿರಿಯರನ್ನು ಉಳಿಸಿದರು. ನಮ್ಮಂಥವರೇ ಅವರು.

ಅಂದಿನಿಂದ ನಾನು ಇಸ್ರೇಲ್ ಪರವಾಗಿ ಬಾಯಿಬಿಟ್ಟು ಮಾತಾಡುತ್ತಿದ್ದೇನೆ. ಗಾಜಾದಲ್ಲಿ ಸತ್ತ ಮಕ್ಕಳನ್ನು ನೋಡಿ ನನಗೂ ಹೊಟ್ಟೆ ಉರಿದಿದೆ, ಅದನ್ನೂ ಹೇಳಿದ್ದೇನೆ. ಆದರೆ ನನಗೆ ಅನ್ನ ಕೊಟ್ಟ, ಮನೆಯವಳ ಹಾಗೆ ನೋಡಿಕೊಂಡ ಜನರ ನೋವನ್ನು ನಾನು ಹೇಳದೆ ಇನ್ನು ಯಾರು ಹೇಳಬೇಕು? ಇದಕ್ಕೆ ಬೈಗುಳ ಬಂತು, ಬೆದರಿಕೆ ಬಂತು. ಅದೆಲ್ಲ ತಡೆದುಕೊಂಡೆ. ತಡೆಯಲಾಗದ್ದು ಇನ್ನೊಂದು ಕಡೆಯಿಂದ ಬಂತು, ಇಸ್ರೇಲನ್ನು ಹೊಗಳುವವರ ಕಡೆಯಿಂದಲೇ.

ಒಂದು ಸಂಜೆ ಗೊತ್ತಿಲ್ಲದ ನಂಬರಿನಿಂದ ಒಬ್ಬಳು ಫೋನ್ ಮಾಡಿದಳು. "ಅಕ್ಕಾ, ಹೈಫಾದ ಅಕ್ಕ ನೀವೇ ಅಲ್ವಾ? ನನ್ನ ಫೈಲ್ ನಿಮ್ಮ ಹತ್ತಿರ ಇದೆ ಅಂದ್ರು. ಟಿಕೆಟ್ ಯಾವಾಗ ಆಗ್ತದೆ ಅಕ್ಕಾ?" ಯಾವ ಫೈಲ್ ಅಂತ ಕೇಳಿದೆ. ಅವಳು ಅಳಲಿಕ್ಕೆ ಶುರು ಮಾಡಿದಳು. ಅಮ್ಮನ ಕರಿಮಣಿ ಸರ ಬಿಟ್ಟು ಮನೆಯ ಚಿನ್ನವೆಲ್ಲ ಅಡವಿಟ್ಟಿದ್ದರು, ಸೊಸೈಟಿಯಲ್ಲಿ ಸಾಲ ಬೇರೆ. ಎಲ್ಲ ಸೇರಿ ಎಂಟು ಲಕ್ಷದ ಹತ್ತಿರ.

ಅವಳು ಕಳಿಸಿದ ಸ್ಕ್ರೀನ್‌ಶಾಟ್ ನೋಡಿ ನನಗೆ ಕೈ ನಡುಗಿತು. ನೀಲಿ ಬಿಳಿ ಬಾವುಟ ಹಾಕಿದ ಒಂದು ವಾಟ್ಸಾಪ್ ಗುಂಪು. ಅದರ ಚಿತ್ರವೇ ನನ್ನ ಫೋಟೋ. ಹೈಫಾದ ಭಾರತೀಯ ಯೋಧರ ಸ್ಮಶಾನದಲ್ಲಿ ಸೆಪ್ಟೆಂಬರ್ 23ರಂದು ತೆಗೆದದ್ದು. 1918ರ ಅದೇ ದಿನ ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರ ಲ್ಯಾನ್ಸರ್ಸ್ ಕುದುರೆ ಮೇಲೆ ಹೋಗಿ ತುರ್ಕರ ಕೈಯಿಂದ ಹೈಫಾ ಬಿಡಿಸಿದ್ದು. ನಮ್ಮ ಮೈಸೂರಿನವರು ಕಾರ್ಮೆಲ್ ಬೆಟ್ಟ ಹತ್ತಿ ಅಲ್ಲಿನ ಫಿರಂಗಿಗಳನ್ನು ಸುಮ್ಮನಾಗಿಸಿದರು. ಪ್ರತಿವರ್ಷ ಅಲ್ಲಿ ಅವರನ್ನು ನೆನೆಯುತ್ತಾರೆ. ಆ ಹೆಮ್ಮೆಗೆ ನಾನು ಹಾಕಿದ್ದ ಫೋಟೋದ ಕೆಳಗೆ ಇವರು "ಗ್ಯಾರಂಟಿ ಕೆಲಸ, ತಿಂಗಳಿಗೆ ಎರಡೂವರೆ ಲಕ್ಷ" ಅಂತ ಬರೆದಿದ್ದರು.

ಇನ್ನೂ ಕೆಟ್ಟದ್ದು ಆಡಿಯೋ. 2024ರ ಅಕ್ಟೋಬರ್ ಹೊತ್ತಿಗೆ ಲೆಬನಾನಿನ ಹಿಜ್ಬುಲ್ಲಾದವರು ಹೈಫಾ ಮೇಲೆ ರಾಕೆಟ್ ಬಿಡುತ್ತಿದ್ದಾಗ, ಅಲ್ಲಿದ್ದವರ ಮನೆಯವರು ಊರಲ್ಲಿ ಗಾಬರಿಯಾಗಬಾರದು ಅಂತ ನಾನೊಂದು ಧ್ವನಿ ಸಂದೇಶ ಕಳಿಸಿದ್ದೆ. ಸೈರನ್ ಆದರೆ ಕೋಣೆಗೆ ಓಡುತ್ತೇವೆ, ರಾತ್ರಿ ನಿದ್ದೆ ಇಲ್ಲ, ಆದರೂ ಮನೆಯವರು ನಮ್ಮನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ ಅಂತ. ಅವರು ಮೊದಲಿನದ್ದನ್ನೆಲ್ಲ ಕತ್ತರಿಸಿ, "ಮನೆಯವರು ನಮ್ಮನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ" ಅನ್ನುವಷ್ಟನ್ನೇ ಇಟ್ಟಿದ್ದರು. ನನ್ನದೇ ಧ್ವನಿ. ಹುಡುಗಿಯರು ನಂಬದೆ ಏನು ಮಾಡುತ್ತಾರೆ?

ಆ ಗುಂಪು ನಡೆಯುತ್ತಿದ್ದ ರೀತಿ ಹೇಳುತ್ತೇನೆ, ಬೇರೆ ಹೆಸರಿನಲ್ಲಿ ಬಂದರೂ ಗುರುತು ಹಿಡಿಯಬಹುದು. ಬೆಳಿಗ್ಗೆ ಎದ್ದ ಕೂಡಲೇ ಎಲ್ಲರೂ ಶಾಲೋಮ್ (ಹೀಬ್ರೂ ಭಾಷೆಯ ನಮಸ್ಕಾರ) ಅನ್ನಬೇಕು. ಜೆರುಸಲೇಮಿನ ಫೋಟೋ, ಒತ್ತೆಯಾಳುಗಳ ಸುದ್ದಿ, ಪ್ರಾರ್ಥನೆ. ನಡುವೆ ನಡುವೆ ಕೆಲಸದ ಮಾತು. 2023ರ ಮೇ ತಿಂಗಳಲ್ಲಿ ಭಾರತದಿಂದ 42,000 ಕೆಲಸಗಾರರನ್ನು ಕರೆಸಿಕೊಳ್ಳುವ ಬಗ್ಗೆ ಎರಡು ದೇಶಗಳ ನಡುವೆ ಒಪ್ಪಂದದ ಮಾತು ಆಗಿತ್ತು, ಅದರಲ್ಲಿ 34,000 ಕಟ್ಟಡ ಕೆಲಸಕ್ಕೆ, 8,000 ಆರೈಕೆ ಕೆಲಸಕ್ಕೆ. ಇದು ನಿಜವಾದ ಸುದ್ದಿ, ಪೇಪರಲ್ಲಿ ಬಂದದ್ದು. ಅದನ್ನೇ ಹಿಡಿದು "ಆ ಎಂಟು ಸಾವಿರದಲ್ಲಿ ಕರ್ನಾಟಕದ ಪಾಲು ನಮ್ಮ ಕೈಯಲ್ಲಿದೆ" ಅಂದರು. ಸರ್ಕಾರದ ಕಡೆಯಿಂದ ನಡೆದದ್ದಾದರೆ ಪರೀಕ್ಷೆ ಬಹಿರಂಗವಾಗಿ ಇರುತ್ತದೆ. 2024ರ ಜನವರಿಯಲ್ಲಿ ಕಟ್ಟಡ ಕೆಲಸದವರಿಗೆ ರೋಹ್ಟಕ್ ಮತ್ತು ಲಕ್ನೋದಲ್ಲಿ ನಡೆದ ಹಾಗೆ. ಸರ್ಕಾರದ ಪಾಲನ್ನು ವಾಟ್ಸಾಪಿನಲ್ಲಿ ಹಂಚುವುದಿಲ್ಲ.

ಯಾರಾದರೂ ಪ್ರಶ್ನೆ ಕೇಳಿದರೆ ಏನು ಮಾಡುತ್ತಿದ್ದರು ಗೊತ್ತಾ? ಲೈಸೆನ್ಸ್ ನಂಬರ್ ಕೊಡಿ ಅಂತ ಕೇಳಿದ ಒಬ್ಬ ಹುಡುಗನಿಗೆ "ನೀನು ಇಸ್ರೇಲ್ ವಿರೋಧಿ, ನಿನ್ನನ್ನು ಯಾರು ಕಳಿಸಿದ್ದು" ಅಂತ ಬೈದು ಗುಂಪಿನಿಂದ ಹೊರಗೆ ಹಾಕಿದರು. ಉಳಿದವರು ಬಾಯಿ ಮುಚ್ಚಿದರು. ನನಗೆ ಅತ್ಯಂತ ಸಿಟ್ಟು ಬಂದದ್ದು ಇಲ್ಲಿ. ಒಂದು ದೇಶದ ಮೇಲೆ ಜನರಿಗಿರುವ ಪ್ರೀತಿಯನ್ನು ಜೇಬು ಕತ್ತರಿಸಲಿಕ್ಕೆ ಬಳಸಿದರು, ಅದೇ ಪ್ರೀತಿಯ ಹೆಸರಿನಲ್ಲಿ ಬಾಯಿಯನ್ನೂ ಮುಚ್ಚಿಸಿದರು.

ದುಡ್ಡನ್ನು ಒಂದೇ ಸಲ ಕೇಳುವುದಿಲ್ಲ. ಮೊದಲು ನೋಂದಣಿಗೆ ಸ್ವಲ್ಪ. ಆಮೇಲೆ ಮೆಡಿಕಲ್‌ಗೆ. ಹೀಬ್ರೂ ಕ್ಲಾಸಿಗೆ. ಆಮೇಲೆ "ನಿಮ್ಮ ಅಜ್ಜ ಸಿಕ್ಕಿದ್ದಾರೆ" ಅಂತ ಯಾರೋ ಒಬ್ಬ ವಯಸ್ಸಾದವರ ಫೋಟೋ ಕಳಿಸಿ ದೊಡ್ಡ ಮೊತ್ತ. ಕೊನೆಗೆ ಯುದ್ಧದ ಕಾರಣ ಬೆನ್ ಗುರಿಯನ್ ವಿಮಾನ ನಿಲ್ದಾಣಕ್ಕೆ ನೇರ ಹೋಗಲು ಆಗುವುದಿಲ್ಲ, ಜೋರ್ಡಾನಿನಿಂದ ಹೋಗಬೇಕು ಅಂತ.

ಅಮ್ಮಾನ್‌ಗೆ ಹೋದ ಹುಡುಗಿ ನನಗೆ ಫೋನ್ ಮಾಡಿದವಳಲ್ಲ, ಬೇರೆ. ಅವಳನ್ನು ನಾನು ಮನೆಗೆ ಹೋಗಿ ಮಾತಾಡಿಸಿದೆ. ಟೂರಿಸ್ಟ್ ವೀಸಾದಲ್ಲಿ ಅವಳನ್ನೂ ಬೇರೆ ಕಡೆಯ ಕೆಲವರನ್ನೂ ಕಳಿಸಿದ್ದಾರೆ. ಅಲ್ಲಿ ಒಬ್ಬ ಬಂದು ಪಾಸ್‌ಪೋರ್ಟ್ ತೆಗೆದುಕೊಂಡು, ಎಲ್ಲರನ್ನೂ ಒಂದು ರೂಮಿನಲ್ಲಿ ಕೂರಿಸಿದ. ಎರಡು ದಿನ ಬ್ರೆಡ್ಡು, ಚಹಾ. ಮೂರನೇ ದಿನ, ರಾತ್ರಿ ನಡೆದು ಗಡಿ ದಾಟಬೇಕು, ಆ ಕಡೆ ಹೈಫಾದ ಅಕ್ಕ ಕಾರು ತೆಗೆದುಕೊಂಡು ಕಾಯುತ್ತಾರೆ ಅಂದನಂತೆ. ಅಂದರೆ ನಾನು! ನಾನಾಗ ಇಲ್ಲಿ ಊರಿನಲ್ಲಿ ಇದ್ದೆ ಮಾರಾಯ್ರೆ, ಇಸ್ರೇಲಿನಲ್ಲಿ ಇರಲೇ ಇಲ್ಲ.

ಅವಳನ್ನು ಉಳಿಸಿದ್ದು ಒಂದು ಸುದ್ದಿ. 2025ರ ಫೆಬ್ರವರಿಯಲ್ಲಿ ತಿರುವನಂತಪುರದ ತುಂಬಾ ಎಂಬ ಊರಿನ ಒಬ್ಬರು ಹೀಗೇ ಜೋರ್ಡಾನಿನಿಂದ ಇಸ್ರೇಲಿಗೆ ಗಡಿ ದಾಟಲು ಹೋಗಿ ಜೋರ್ಡಾನ್ ಸೈನಿಕರ ಗುಂಡಿಗೆ ಸತ್ತರು. ಅದನ್ನು ಎಲ್ಲೋ ಓದಿದ್ದು ಅವಳಿಗೆ ನೆನಪಾಯಿತು. ಕತಾರಿನಲ್ಲಿದ್ದ ಅಣ್ಣನಿಗೆ ಫೋನ್ ಮಾಡಿದಳು, ಅವನು ಅಮ್ಮಾನ್‌ನಲ್ಲಿರುವ ಭಾರತದ ರಾಯಭಾರ ಕಚೇರಿಗೆ ತಿಳಿಸಿದ, ಟಿಕೆಟ್ ಮಾಡಿಸಿದ. ಬಂದಳು. ಜೊತೆಗಿದ್ದವರಲ್ಲಿ ಎಲ್ಲರೂ ವಾಪಸ್ ಬಂದಿದ್ದಾರಾ ಅಂತ ಅವಳಿಗೂ ಗೊತ್ತಿಲ್ಲ. ಅವರ ಹೆಸರು ಕೂಡ ಸರಿಯಾಗಿ ಕೇಳಿಕೊಂಡಿರಲಿಲ್ಲ ಅಂತ ಈಗಲೂ ಹೇಳಿಕೊಂಡು ಅಳುತ್ತಾಳೆ.

ಇಷ್ಟು ದುಡ್ಡು ಕೇಳಿದಾಗ ಯಾಕೆ ಅನುಮಾನ ಬರಲಿಲ್ಲ ಅಂತ ನೀವು ಕೇಳಬಹುದು. ಬರುವುದಿಲ್ಲ, ಯಾಕೆಂದರೆ ಸರಿಯಾದ ವೀಸಾಕ್ಕೂ ನಮ್ಮಲ್ಲಿ ಲಕ್ಷಗಟ್ಟಲೆ ಕೊಟ್ಟೇ ಹೋಗುತ್ತಾರೆ. ನಾನೂ ಹಾಗೇ ಹೋದವಳು. ಕಾನೂನು ಪ್ರಕಾರ ಭಾರತದಲ್ಲಿ ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದದ್ದು ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಇಸ್ರೇಲಿನಲ್ಲೂ ಕೆಲಸಗಾರರಿಂದ ತೆಗೆದುಕೊಳ್ಳುವ ಶುಲ್ಕಕ್ಕೆ ಮಿತಿ ಇದೆ, ಅದಕ್ಕಿಂತ ಜಾಸ್ತಿ ತೆಗೆದುಕೊಂಡರೆ ಅಪರಾಧ. ಆದರೆ ಕಳ್ಳ ವ್ಯವಹಾರವೇ ಊರಿನಲ್ಲಿ ಮಾಮೂಲಿ ಆಗಿಹೋಗಿರುವುದರಿಂದ, ಕೆಲಸ ಕೊಡಿಸುವ ಕಳ್ಳ ಯಾರು, ಕೊಡಿಸದ ಕಳ್ಳ ಯಾರು ಅಂತ ತಿಳಿಯುವುದಿಲ್ಲ.

ಹಾಗಾಗಿ ದುಡ್ಡಿನ ಲೆಕ್ಕ ನೋಡಿ ನಿರ್ಧರಿಸಬೇಡಿ, ಕಾಗದ ನೋಡಿ. ಏಜೆಂಟನ ಹೆಸರು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಇದೆಯಾ ಹುಡುಕಿ, ಬೋರ್ಡಿನ ಹೆಸರೂ ಅಲ್ಲಿನ ಹೆಸರೂ ಒಂದೇನಾ ನೋಡಿ. ಕೆಲಸದ ವೀಸಾ ಬಿ/1. ಬಿ/2 ಅಂತ ಇದ್ದರೆ ಅದು ಸುಮ್ನೆ ಪ್ರವಾಸಕ್ಕೆ, ಅದರಲ್ಲಿ ಕೆಲಸ ಮಾಡುವ ಹಾಗಿಲ್ಲ, "ಹೋದ ಮೇಲೆ ಬದಲಾಯಿಸಿಕೊಡುತ್ತೇವೆ" ಅಂದರೆ ಎದ್ದು ಬನ್ನಿ. ಕೇರ್‌ಗಿವರ್ ಆಗಿ ಹೋಗುವವರಿಗೆ ಅಲ್ಲಿ ಒಂದು ನಿಜವಾದ ಮನೆ ಇರುತ್ತದೆ, ನೋಡಿಕೊಳ್ಳಬೇಕಾದ ವ್ಯಕ್ತಿಯ ಹೆಸರಿನಲ್ಲಿ ಪರವಾನಗಿ ಇರುತ್ತದೆ, ಅಲ್ಲಿನ ಪರವಾನಗಿ ಪಡೆದ ಸಂಸ್ಥೆಯ ಮೂಲಕವೇ ಎಲ್ಲ ನಡೆಯುತ್ತದೆ. ಆ ಮನೆಯವರ ಜೊತೆ ವೀಡಿಯೋದಲ್ಲಿ ಮಾತಾಡಿಸಿ ಅಂತ ಕೇಳಿ. ನನ್ನ ಅಜ್ಜಿಯ ಮಗಳು ನಾನು ಹೊರಡುವ ಮೊದಲೇ ನನ್ನ ಜೊತೆ ಮಾತಾಡಿದ್ದರು, ಅಜ್ಜಿಗೆ ಯಾವ ಕಿವಿ ಕೇಳಿಸುವುದಿಲ್ಲ ಅಂತ ಕೂಡ ಹೇಳಿದ್ದರು.

ಗಂಡ ಹೆಂಡತಿ ಇಬ್ಬರಿಗೂ ಒಟ್ಟಿಗೆ ವೀಸಾ ಅನ್ನುವವರಿದ್ದಾರೆ. ವಿದೇಶಿ ಕೆಲಸಗಾರರಾಗಿ ಗಂಡ ಹೆಂಡತಿ ಒಂದೇ ಸಮಯದಲ್ಲಿ ಅಲ್ಲಿರುವುದನ್ನು ಇಸ್ರೇಲ್ ಸಾಮಾನ್ಯವಾಗಿ ಬಿಡುವುದಿಲ್ಲ. ಹತ್ತು ವರ್ಷದ ವೀಸಾ ಅನ್ನುವವರೂ ಇದ್ದಾರೆ. ಕೇರ್‌ಗಿವರ್‌ಗೆ ಸಾಮಾನ್ಯ ಮಿತಿ 63 ತಿಂಗಳು, ಅದೇ ಮನೆಯವರಿಗೆ ನೀವು ಬೇಕೇ ಬೇಕು ಅಂತಿದ್ದರೆ ಮಾತ್ರ ಮುಂದುವರಿಯುತ್ತದೆ. ಸಂಬಳ ಕೂಡ ಎರಡೂವರೆ ಲಕ್ಷ ಅಲ್ಲ. 2025ರ ಏಪ್ರಿಲ್‌ನಿಂದ ಅಲ್ಲಿನ ಕನಿಷ್ಠ ವೇತನ ತಿಂಗಳಿಗೆ 6,247 ಶೆಕೆಲ್ (ಅಲ್ಲಿನ ಹಣ) ಚಿಲ್ಲರೆ ಇತ್ತು, ಅದರಲ್ಲೂ ಸ್ವಲ್ಪ ಕಡಿತ ಆಗುತ್ತದೆ. ಒಳ್ಳೆಯ ಸಂಬಳವೇ, ಸುಳ್ಳು ಸೇರಿಸುವ ಅಗತ್ಯವೇ ಇಲ್ಲ. ಅಲ್ಲಿ ಈಗಾಗಲೇ ಇದ್ದು ತೊಂದರೆಯಲ್ಲಿರುವವರು ಕಾವ್ ಲಾಓವೆದ್ ಸಂಸ್ಥೆಯವರನ್ನು ಕೇಳಿ. ಕೆಲಸಗಾರರ ಹಕ್ಕಿಗೆ ನಿಲ್ಲುವ ಇಸ್ರೇಲಿಗಳೇ ಅವರು, ಟೆಲ್ ಅವೀವ್ ಮತ್ತು ಹೈಫಾದಲ್ಲಿದ್ದಾರೆ.

ಅದೇ ಗುಂಪಿನಲ್ಲಿ ಯುದ್ಧ ಸಂತ್ರಸ್ತರಿಗೆ ಅಂತ ಕ್ಯೂಆರ್ ಕೋಡ್ ಕೂಡ ಹಾಕಿದ್ದರು. ಸ್ಕ್ಯಾನ್ ಮಾಡಿದರೆ ಯಾರೋ ಒಬ್ಬ ವ್ಯಕ್ತಿಯ ಖಾತೆ. ಇಸ್ರೇಲಿನ ಆಂಬ್ಯುಲೆನ್ಸ್ ಸೇವೆ ಮಾಗೆನ್ ಡೇವಿಡ್ ಆಡೋಮ್ ಹೆಸರು ಬಳಸಿದ್ದರು. ಅವರು ನಮ್ಮ ಊರಿನ ಒಬ್ಬನ ಯುಪಿಐಗೆ ದುಡ್ಡು ಕೇಳುವುದಿಲ್ಲ.

ನನಗೆ ಆದ ತೊಂದರೆ ಇದರ ಮುಂದೆ ಚಿಕ್ಕದು, ಆದರೂ ಹೇಳಬೇಕು, ಯಾಕೆಂದರೆ ಇಸ್ರೇಲ್ ಪರ ಮಾತಾಡುವ ಬೇರೆಯವರಿಗೂ ಇದು ಬರಬಹುದು. ಒಂದು ಹುಡುಗಿಯ ಅಪ್ಪ ನಮ್ಮ ಮನೆಗೆ ಬಂದು ಜಗಲಿಯಲ್ಲಿ ಕೂತರು. ಬೈಯಲಿಲ್ಲ. "ನಿಮ್ಮ ಮುಖ ನೋಡಿ ಕೊಟ್ಟದ್ದಮ್ಮಾ" ಅಂದರು ಅಷ್ಟೇ. ನಾನು ಎಲ್ಲ ತೋರಿಸಿದೆ, ಬ್ಯಾಂಕ್ ಪುಸ್ತಕ ಕೂಡ ತಂದಿಟ್ಟೆ. ಅವರು ನಂಬಿದರು. ಊರಿನಲ್ಲಿ ಎಲ್ಲರೂ ನಂಬಿಲ್ಲ, ಕಮಿಷನ್ ತಿಂದಿದ್ದಾಳೆ ಅಂತ ಈಗಲೂ ಹೇಳುವವರಿದ್ದಾರೆ.

ಇಸ್ರೇಲ್ ಪರ ಇರುವ ಕೆಲವರು, ನನಗೆ ಗೌರವ ಇರುವವರು, "ಇದನ್ನೆಲ್ಲ ಹೊರಗೆ ಹೇಳಬೇಡಿ, ವಿರೋಧಿಗಳಿಗೆ ಅಸ್ತ್ರ ಸಿಕ್ಕಿದ ಹಾಗೆ ಆಗುತ್ತದೆ, ಇಸ್ರೇಲಿನ ಹೆಸರು ಕೆಡುತ್ತದೆ" ಅಂದರು. ನಾನು ಒಪ್ಪುವುದಿಲ್ಲ. ಹೆಸರು ಕೆಡಿಸಿದ್ದು ಮೋಸ ಮಾಡಿದವರು. 2021ರ ಮೇಯಲ್ಲಿ ಅಶ್ಕೆಲೋನ್‌ನಲ್ಲಿ ಗಾಜಾದ ರಾಕೆಟ್ ಬಿದ್ದು ಕೇರಳದ ಇಡುಕ್ಕಿಯ ಒಬ್ಬ ಕೇರ್‌ಗಿವರ್ ತೀರಿಕೊಂಡಾಗ ಇಸ್ರೇಲಿನವರು ತಮ್ಮ ಮನೆಯವಳೇ ಹೋದ ಹಾಗೆ ಅತ್ತರು. ಅಂಥ ಜನರ ಹೆಸರು ಹೇಳಿಕೊಂಡು ನಮ್ಮ ಹುಡುಗಿಯರನ್ನು ಗುಂಡಿನ ಎದುರು ನಡೆಸುವವರನ್ನು ನಾನು ಯಾಕೆ ಮುಚ್ಚಿಡಬೇಕು?

ನಾವು ಸೆನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳ) ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟಿದ್ದೇವೆ, ತನಿಖೆ ನಡೆಯುತ್ತಿದೆ, ಅದಕ್ಕೇ ಯಾರ ಹೆಸರೂ ಇಲ್ಲಿ ಬರೆದಿಲ್ಲ. ಹಳೆಯ ಗುಂಪು ಮುಚ್ಚಿದೆ. ಅದೇ ಆಡಿಯೋ ಹಾಕಿಕೊಂಡು ಹೊಸದೊಂದು ಶುರುವಾಗಿದೆ ಅಂತ ಹಾಸನದಿಂದ ಒಬ್ಬರು ನಿನ್ನೆ ಕಳಿಸಿದ್ದಾರೆ. ನಿಮಗೂ ಬಂದರೆ ಕೂಡಲೇ ಗುಂಪು ಬಿಡಬೇಡಿ, ಮೊದಲು ನಂಬರು, ಖಾತೆ ವಿವರ, ಧ್ವನಿ ಸಂದೇಶ ಎಲ್ಲ ಸ್ಕ್ರೀನ್‌ಶಾಟ್ ತೆಗೆದು ಉಳಿಸಿಕೊಳ್ಳಿ. ದುಡ್ಡು ಹೋಗಿದ್ದರೆ ಅದೇ ಹೊತ್ತಿಗೆ 1930ಕ್ಕೆ ಫೋನ್ ಮಾಡಿ, ತಡ ಮಾಡಿದಷ್ಟೂ ಖಾತೆ ತಡೆಯುವುದು ಕಷ್ಟ. ವಿದೇಶಕ್ಕೆ ಹೋಗುವ ವಿಷಯದ ಸಂಶಯಕ್ಕೆ ಸರ್ಕಾರದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ನಂಬರ್ 1800 11 3090 ಇದೆ. ಅಮ್ಮಾನ್‌ಗೆ ಟಿಕೆಟ್ ಆಗಿ ಕೂತಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ದುಡ್ಡು ಹೋದರೆ ಹೋಗಲಿ, ದಯವಿಟ್ಟು ವಿಮಾನ ಹತ್ತಬೇಡಿ.