ನಾಯಿಗೆ ಕಣ್ಣಿನ ಕೆಳಗೆ ಊತ ಬಂದ್ರೆ ಹುಳ ಕಚ್ಚಿದ್ದು ಅಂತ ಸುಮ್ನಾಗ್ಬೇಡಿ, ಮೊದ್ಲು ಹಲ್ಲು ನೋಡ್ಸಿ

ಮೈಸೂರಲ್ಲಿ ನಾಯಿ ಬೆಕ್ಕು ಸಾಕಿರೋರು ಸ್ವಲ್ಪ ಪುರುಸೊತ್ತು ಮಾಡ್ಕೊಂಡು ಓದಿ. ಯಾವ ಕ್ಲಿನಿಕ್ಕು ಅಂತ ಹೆಸರು ಹೇಳಲ್ಲ, ಕೇಳ್ಲೂಬೇಡಿ. ಜಗಳಕ್ಕೆ ಬರೀತಿಲ್ಲ, ಅದೂ ಅಲ್ದೆ ಇದ್ರಲ್ಲಿ ಅರ್ಧ ದಡ್ಡತನ ನಂದೇ.

ನಮ್ಮನೇಲಿ ಗುಂಡ ಅಂತ ಏಳು ವರ್ಷದ ಲ್ಯಾಬ್ರಡಾರ್ ನಾಯಿ ಇದಾನೆ. ಕುವೆಂಪುನಗರದಲ್ಲಿ ನಮ್ಮ ಬೀದೀಲಿ ನನ್ನ ಹೆಸರು ಗೊತ್ತಿಲ್ದೋರಿಗೂ ಅವನ ಹೆಸರು ಗೊತ್ತು. ಹೋದ ವರ್ಷ ದಸರಾ ಹೊತ್ತಿಗೆ ಅವನ ಬಾಯಿ ವಾಸನೆ ಎಷ್ಟು ಜಾಸ್ತಿ ಆಯ್ತು ಅಂದ್ರೆ ಪಕ್ಕದಲ್ಲಿ ಕೂತು ಟಿವಿ ನೋಡಕ್ಕಾಗ್ತಿರ್ಲಿಲ್ಲ. ಅಮ್ಮ "ನಾಯಿ ಬಾಯಿ ನಾರದೆ ಮಲ್ಲಿಗೆ ಥರ ಘಮ್ ಅನ್ನುತ್ತಾ" ಅಂತ ಸುಮ್ನಾದ್ರು. ತುಟಿ ಎತ್ತಿ ನೋಡಿದ್ರೆ ಎಡಗಡೆ ಮೇಲಿನ ದವಡೆ ಹಲ್ಲುಗಳ ಮೇಲೆ ಗಾರೆ ಮೆತ್ತಿದಂಗೆ ಕಂದು ಪಾಚಿ, ಬಲಗಡೆ ಅಷ್ಟಿಲ್ಲ. ಒಂದೇ ಕಡೆ ಯಾಕೆ ಅಂತ ಆವತ್ತು ತಲೆಗೇ ಹೋಗ್ಲಿಲ್ಲ ನೋಡಿ. ನೋವಿರೋ ಕಡೆ ಅಗಿಯಲ್ಲ, ಅಗಿಯದೆ ಇರೋ ಕಡೆ ಪಾಚಿ ಬೇಗ ಕಟ್ಟುತ್ತೆ ಅನ್ನೋದು ಗೊತ್ತಾಗಿದ್ದು ಎಷ್ಟೋ ತಿಂಗಳಾದ್ಮೇಲೆ.

ಕ್ಲಿನಿಕ್ಕಲ್ಲಿ ಕೇಳಿದ್ರೆ, ಅನಸ್ತೇಷಿಯಾ ಎಲ್ಲಾ ಬೇಡ ಮೇಡಂ, ವಯಸ್ಸಾಗಿದೆ ರಿಸ್ಕು, ಹಂಗೇ ಕ್ಲೀನ್ ಮಾಡ್ಕೊಡ್ತೀವಿ, ಹದಿನೈದು ನಿಮಿಷ, 1,500 ರೂಪಾಯಿ ಅಂದ್ರು. ರಿಸ್ಕು ಇಲ್ಲ ಅಂದ್ರೆ ಯಾರಿಗೆ ಬೇಡ, ಹೂಂ ಅಂದೆ. ಇಬ್ರು ಅಮುಕಿ ಹಿಡ್ಕೊಂಡ್ರು, ಇನ್ನೊಬ್ರು ಕೆರೆದ್ರು, ಅವ್ನು ಗಡಗಡ ನಡುಗ್ತಾ ನನ್ ಕಡೇನೆ ನೋಡ್ತಿದ್ದ. ಆಚೆ ಬಂದಾಗ ಹಲ್ಲು ಬೆಳ್ಳಗೆ ಫಳಫಳ. ಫೋಟೋ ತೆಗ್ದು ಸ್ಟೇಟಸ್ ಬೇರೆ ಹಾಕ್ದೆ, ಥೂ.

ಈಗ ತಿಳ್ಕೊಂಡಿರೋದು ಹೇಳ್ತೀನಿ. ಹಂಗೆ ಎಚ್ಚರ ಇರೋವಾಗ ಕೆರೆದ್ರೆ ಹೋಗೋದು ಕಣ್ಣಿಗೆ ಕಾಣೋ ಪಾಚಿ ಮಾತ್ರ. ಕಾಯಿಲೆ ಇರೋದು ವಸಡಿನ ಕೆಳಗೆ, ಅಲ್ಲಿಗೆ ಉಪಕರಣ ಹೋಗ್ಬೇಕು ಅಂದ್ರೆ ಪ್ರಾಣಿ ಅಲ್ಲಾಡಬಾರ್ದು, ನಾಲಿಗೆ ಕಡೆಯ ಭಾಗವಂತೂ ಯಾವ ನಾಯೀನೂ ಮುಟ್ಟಕ್ಕೆ ಬಿಡಲ್ಲ. ಅಮೆರಿಕದ ಪಶು ದಂತವೈದ್ಯರ ಕಾಲೇಜೇ ಹಿಂಗೆ ಎಚ್ಚರದಲ್ಲಿ ಕೆರೆಯೋದನ್ನ ಒಪ್ಪಲ್ಲ. ಕೆರೆದ್ಮೇಲೆ ಪಾಲಿಶ್ ಮಾಡ್ಲಿಲ್ಲ ಅಂದ್ರೆ ಹಲ್ಲಿನ ಮೇಲೆ ಗೀರು ಉಳ್ಕೊಂಡು ಮತ್ತೆ ಪಾಚಿ ಹಿಡಿಯೋಕೆ ಜಾಗ ಮಾಡಿಕೊಟ್ಟಂಗೆ. ಎಲ್ಲಕ್ಕಿಂತ ದೊಡ್ಡ ಮೋಸ ಏನಂದ್ರೆ ಬೆಳ್ಳಗಿರೋ ಹಲ್ಲು ನೋಡಿ ನಾವು ಆರಾಮಾಗಿ ಇದ್ಬಿಡ್ತೀವಿ.

ಸಂಕ್ರಾಂತಿ ಆಗಿ ಒಂದು ವಾರಕ್ಕೆ ಎಡಗಣ್ಣಿನ ಕೆಳಗೆ ಅರ್ಧ ನಿಂಬೆಹಣ್ಣಷ್ಟು ಊತ. ಅದೇ ಕ್ಲಿನಿಕ್ಕು. ಕಣಜ ಕಚ್ಚಿರ್ಬೇಕು ಅಂತ ಐದು ದಿನಕ್ಕೆ ಆಂಟಿಬಯೋಟಿಕ್ ಕೊಟ್ರು, ಇಳೀತು. ಮೂರು ವಾರಕ್ಕೆ ಮತ್ತೆ ಬಂತು, ಮತ್ತೆ ಮಾತ್ರೆ, ಮತ್ತೆ ಇಳೀತು. ಶಿವರಾತ್ರಿ ಕಳೆದ ಮೇಲೆ ಒಂದು ಬೆಳಗ್ಗೆ ಒಡ್ಕೊಂಡು ಕೀವು ಮೂತಿ ಮೇಲೆಲ್ಲಾ ಇಳ್ದಿತ್ತು. ಆಗ ಚರ್ಮದ ಇನ್ಫೆಕ್ಷನ್ನು ಅಂತ ಆಯಿಂಟ್ಮೆಂಟು. ಒಬ್ರೂ ಬಾಯಿ ತೆಗ್ದು ನೋಡ್ಲಿಲ್ಲ ಕಣ್ರೀ! ಮೇಲಿನ ದೊಡ್ಡ ದವಡೆ ಹಲ್ಲಿನ ಬೇರು ಸರಿಯಾಗಿ ಕಣ್ಣಿನ ಕೆಳಗೇ ಬರುತ್ತೆ, ಅಲ್ಲಿ ಕೀವು ತುಂಬಿದ್ರೆ ಊದೋದು ಕೆನ್ನೆ. ಮಾತ್ರೆಗೆ ಇಳೀತು ಅಂದ್ರೆ ವಾಸಿ ಆಯ್ತು ಅಂತಲ್ಲ, ಬೇರು ಕೊಳೀತಾ ಇರೋವರ್ಗೂ ಅದು ಬರ್ತಾನೇ ಇರುತ್ತೆ.

ಕೊನೆಗೆ ನಾನೇ, ಸಾರ್ ಅವ್ನು ಮುದ್ದೇನೂ ಒಂದೇ ಕಡೆ ನುಂಗ್ತಾನೆ, ಬಿಸ್ಕೆಟ್ ಬಾಯಿಂದ ಬೀಳಿಸ್ತಾನೆ ಅಂದಾಗ ನೋಡಿದ್ರು. ಹಲ್ಲು ಒಡ್ದಿದೆ, ಕಿತ್ತಾಕಿದ್ರೆ ಆಯ್ತು, ನಾಳೆ ಬನ್ನಿ. ಎಕ್ಸ್‌ರೇ ಇಲ್ಲ, ರಕ್ತ ಪರೀಕ್ಷೆ ಇಲ್ಲ, ಮಂಪರು ಬರೋ ಇಂಜೆಕ್ಷನ್ನು ಅಷ್ಟೆ. ಒಳಗಿಂದ ಅವ್ನು ಕುಂಯ್ಗುಟ್ಟಿದ್ದು ಎರಡು ಸಲ ಕೇಳಿಸ್ತು. ಮುಕ್ಕಾಲು ಗಂಟೆ ಆದ್ಮೇಲೆ ಹತ್ತೀಲಿ ಸುತ್ತಿ ಹಲ್ಲು ಕೈಗೆ ಕೊಟ್ಟು, ಬಂದ್ಬಿಡ್ತು ಅಂದ್ರು. ಯಾಕೋ ಬಿಸಾಕಕ್ಕೆ ಮನಸ್ಸು ಬರ್ಲಿಲ್ಲ, ಖಾಲಿ ಕುಂಕುಮದ ಭರಣೀಲಿ ಹಾಕಿಟ್ಟೆ.

ಯುಗಾದಿ ಹೊತ್ತಿಗೆ ಅದೇ ಜಾಗದಲ್ಲಿ ಮತ್ತೆ ಊತ. ಫೋನ್ ಮಾಡಿದ್ರೆ, ಸ್ವಲ್ಪ ಬೇರು ಉಳ್ದಿರಬಹುದು, ತಾನಾಗೇ ಕರಗೋಗುತ್ತೆ ಮೇಡಂ ಅಂದ್ರು. ಅವತ್ತೇ ತಮ್ಮನ ಕಾರಲ್ಲಿ ಹಾಕ್ಕೊಂಡು ಬೆಂಗಳೂರಿಗೆ ಹೊರಟ್ವಿ, ಪ್ರಾಣಿಗಳ ಹಲ್ಲಿಗೇ ಅಂತ ಎಕ್ಸ್‌ರೇ ಇಟ್ಟಿರೋ ಆಸ್ಪತ್ರೆ ಹುಡ್ಕೊಂಡು. ಗಣಂಗೂರು ಟೋಲ್ ದಾಟೋವರ್ಗೂ ನನ್ ತೊಡೆ ಮೇಲೆ ಮುಖ ಇಟ್ಟು ಮಲ್ಗಿದ್ದ, ಚೂಡಿದಾರ್ ಮೇಲೆಲ್ಲಾ ಕೀವು.

ಆ ಡಾಕ್ಟ್ರು ಭರಣಿ ತೆಗ್ದು ಹಲ್ಲನ್ನ ಅಂಗೈ ಮೇಲೆ ತಿರುಗಿಸಿ ನೋಡಿ, "ಇದ್ರಲ್ಲಿ ಬೇರು ಎಲ್ಲಿದೆ ತೋರ್ಸಿ ನೋಡೋಣ" ಅಂದ್ರು. ನಿಜ, ಮೇಲೆ ಹಲ್ಲಿನ ಆಕಾರ, ಕೆಳಗೆ ಒಡೆದ ತೆಂಗಿನ ಚಿಪ್ಪಿನ ಅಂಚಿನ ಥರ ಚೂಪುಚೂಪು. ಆ ಹಲ್ಲಿಗೆ ಮೂರು ಬೇರಂತೆ. ಎಕ್ಸ್‌ರೇಲಿ ಮೂರೂ ಒಳಗೇ ಕೂತಿದ್ವು, ತುದೀಲಿ ಕಪ್ಪಗೆ ನೆರಳು, ಅಂದ್ರೆ ಅಲ್ಲಿ ಮೂಳೆ ಕರಗಿದೆ. ಕರಗೋಗುತ್ತೆ ಅಂದಿದ್ರಲ್ಲ, ಕರಗಿದ್ದು ಬೇರಲ್ಲ, ಮೂಳೆ.

ಹಲ್ಲು ಮೊದ್ಲು ಒಡೆದಿದ್ದು ಬಹುಶಃ ಮೂಳೆ ಕಡಿಯೋವಾಗ. ಭಾನುವಾರ ನಮ್ಮನೇಲಿ ಬನ್ನೂರು ಕುರಿ ಮಟನ್, ನಲ್ಲಿ ಮೂಳೆ ಗುಂಡನ ಪಾಲು, ಪ್ರೀತಿಗೆ ಅಂತ ನಾವೇ ಕೊಟ್ಟಿದ್ದು. ಗಟ್ಟಿ ಮೂಳೆಗೆ ಈ ಹಲ್ಲಿಂದ ಒಂದು ಚಕ್ಕೆ ಎದ್ದು ಹೋಗುತ್ತಂತೆ, ಒಳಗಿನ ನರದ ಜಾಗ ತೆರ್ಕೊಂಡು ಅಲ್ಲಿಂದ ಬ್ಯಾಕ್ಟೀರಿಯಾ ಬೇರಿಗೆ ಇಳಿಯುತ್ತೆ. ದಸರಾದಲ್ಲಿ ಕೆರೆಯೋವಾಗ್ಲೇ ಅದು ಒಡ್ದಿತ್ತೋ ಏನೋ, ಯಾರು ನೋಡಿದ್ರು.

ಅಲ್ಲಿ ಮಾಡಿದ ರೀತೀನೇ ಬೇರೆ. ಮೊದ್ಲು ರಕ್ತ ಪರೀಕ್ಷೆ, ಕೈಗೆ ಡ್ರಿಪ್ಪು, ಆಮೇಲೆ ಪೂರ್ತಿ ಅನಸ್ತೇಷಿಯಾ ಕೊಟ್ಟು ಶ್ವಾಸನಾಳಕ್ಕೆ ಟ್ಯೂಬು. ಈ ಟ್ಯೂಬು ಯಾಕೆ ಮುಖ್ಯ ಅಂದ್ರೆ ಹಲ್ಲಿನ ಕೆಲಸದಲ್ಲಿ ಬಾಯಲ್ಲಿ ನೀರು ರಕ್ತ ಎಲ್ಲಾ ಇರುತ್ತೆ, ಟ್ಯೂಬಿಲ್ದೆ ಮಂಪರಲ್ಲಿ ಮಲಗ್ಸಿದ್ರೆ ಅದು ಶ್ವಾಸಕೋಶಕ್ಕೆ ಹೋಗಬಹುದು. ಮೊದಲನೇ ಸಲ ಗುಂಡಂಗೆ ಹಂಗಾಗ್ದೆ ಇದ್ದಿದ್ದೇ ಪುಣ್ಯ. ಜಾಗ ಮರಗಟ್ಟಿಸಿ, ವಸಡು ಬಿಡಿಸಿ, ಬೇರು ಒಂದೊಂದಾಗಿ ತೆಗ್ದು, ಏನೂ ಉಳ್ದಿಲ್ಲ ಅಂತ ಇನ್ನೊಂದು ಎಕ್ಸ್‌ರೇ ತೆಗ್ದು, ಕರಗೋ ಹೊಲಿಗೆ ಹಾಕಿದ್ರು. ಎಲ್ಲಾ ಸೇರಿ 26,500 ಆಯ್ತು, ಹೊಟ್ಟೆ ಉರೀತು ಸುಳ್ಳು ಹೇಳಲ್ಲ, ಆದ್ರೆ ಅಲ್ಲಿವರ್ಗೂ ಇಲ್ಲಿ ಸುರಿದಿದ್ದೂ ಕಮ್ಮಿ ಏನಿರ್ಲಿಲ್ಲ.

ಆದ್ರಿಂದ ಯಾರಾದ್ರೂ ಹಲ್ಲು ಕೀಳ್ತೀವಿ ಅಂದ್ರೆ ಟ್ಯೂಬು ಹಾಕ್ತೀರಾ, ಮುಂಚೆ ಮತ್ತೆ ಆದ್ಮೇಲೆ ಎಕ್ಸ್‌ರೇ ತೆಗೀತೀರಾ ಅಂತ ಕೇಳಿ, ಬೇಜಾರು ಮಾಡ್ಕೊಂಡ್ರೆ ಮಾಡ್ಕೊಳ್ಳಿ. ಸಣ್ಣ ನಾಯಿ ಇರೋರು ಇನ್ನೂ ಹುಷಾರು, ಕೆಳಗಿನ ದವಡೆ ಅಷ್ಟು ತೆಳ್ಳಗಿರುತ್ತೆ, ಕೀಳೋ ರಭಸಕ್ಕೆ ಮೂಳೆನೇ ಮುರಿಯೋದುಂಟು. ಆಮೇಲೆ ನಮ್ಮ ಪೇಸ್ಟು ಹಾಕಿ ಉಜ್ಜೋಕೆ ಹೋಗ್ಬೇಡಿ (ಅಮ್ಮ ಹೊರಟಿದ್ರು), ಕೆಲವು ಪೇಸ್ಟಲ್ಲಿ ಇರೋ ಕ್ಸೈಲಿಟಾಲ್ ಅನ್ನೋ ಸಿಹಿ ಪದಾರ್ಥ ನಾಯಿಗೆ ವಿಷ. ನೋವಿನ ಮಾತ್ರೇನೂ ಮನೇದು ಬೇಡ, ಬೆಕ್ಕಿಗಂತೂ ಒಂದು ಪ್ಯಾರಾಸಿಟಮಾಲ್ ಸಾಕು ಪ್ರಾಣ ಹೋಗಕ್ಕೆ.

ಎಕ್ಸ್‌ರೇ ಪ್ರಿಂಟು ಹಿಡ್ಕೊಂಡು ಹಳೇ ಕ್ಲಿನಿಕ್ಕಿಗೆ ಹೋಗಿದ್ದೆ. ಎರಡು ಸೆಕೆಂಡ್ ನೋಡಿ ವಾಪಸ್ ಕೊಟ್ಟು, "ವಾಸಿ ಆಯ್ತಲ್ಲ ಬಿಡಿ ಮೇಡಂ" ಅಂದ್ರು. ಬಾಗಿಲಲ್ಲಿ ಹದಿನೈದು ನಿಮಿಷದಲ್ಲಿ ಹಲ್ಲು ಕ್ಲೀನಿಂಗ್ ಅನ್ನೋ ಬೋರ್ಡು ಇನ್ನೂ ಇದೆ.

ಈಗ ಎರಡು ತಿಂಗಳಾಯ್ತು, ಎರಡೂ ಕಡೆ ಅಗೀತಾನೆ, ವಾಸನೆ ಇಲ್ಲ. ಬಲಗಡೆ ಅದೇ ಹಲ್ಲಲ್ಲೂ ಸಣ್ಣ ಚಕ್ಕೆ ಹೋಗಿದೆಯಂತೆ, ಒಳಗೆ ಇಳ್ದಿಲ್ಲ, ಆರು ತಿಂಗಳಿಗೆ ಮತ್ತೆ ಎಕ್ಸ್‌ರೇ ಅಂದಿದಾರೆ. ಅಡುಗೆಮನೆ ಕ್ಯಾಲೆಂಡರಲ್ಲಿ ಅಮ್ಮನೇ ಗುರುತು ಹಾಕಿದಾರೆ.