ಅವಾಂಟಿ ಕೊಳ್ಳುವವರು ಮೊದಲು ಅದರ ಹೊಟ್ಟೆಯಡಿ ನೋಡಿ

ಸ್ಟೂಡಿಬೇಕರ್ ಅವಾಂಟಿ ಕಾರಿಗೆ ಮುಂಗಡ ಕೊಡಲು ಹೊರಟವರು ಯಾರಾದರೂ ಇದನ್ನು ಓದುತ್ತಿದ್ದರೆ ಸ್ವಲ್ಪ ಕೈ ತಡೆಯಿರಿ. ಕಾರು ಕೆಟ್ಟದ್ದೆಂದಲ್ಲ. ಅಮೆರಿಕದಲ್ಲಿ ತಯಾರಾದ ಕಾರುಗಳಲ್ಲಿ ಇಷ್ಟು ಚೆಲುವಿನದು ಇನ್ನೊಂದಿಲ್ಲ ಎಂದು ನಾನು ಇವತ್ತಿಗೂ ವಾದಕ್ಕೆ ನಿಲ್ಲುತ್ತೇನೆ. ಆ ಚೆಲುವನ್ನೇ ಬಂಡವಾಳ ಮಾಡಿಕೊಂಡವರ ಬಗ್ಗೆ ಈ ಬರಹ.

ಗೊತ್ತಿಲ್ಲದವರಿಗೆ ಎರಡು ಮಾತು. ಸ್ಟೂಡಿಬೇಕರ್ ಸಹೋದರರು ಇಂಡಿಯಾನಾದ ಸೌತ್ ಬೆಂಡ್ ಊರಿನಲ್ಲಿ 1852ರಲ್ಲಿ ಕಮ್ಮಾರಸಾಲೆ ತೆರೆದು ಕುದುರೆಗಾಡಿ ಕಟ್ಟಲು ಶುರುಮಾಡಿದವರು. ನೂರು ವರ್ಷ ದಾಟಿದ ಆ ಕಂಪನಿ ಮುಳುಗುತ್ತಿದ್ದಾಗ ಅಧ್ಯಕ್ಷ ಶೆರ್‌ವುಡ್ ಎಗ್ಬರ್ಟ್ ಕೊನೆಯ ಪ್ರಯತ್ನವೆಂದು ರೇಮಂಡ್ ಲೋವಿಯವರಿಂದ ಹೊಸ ಕಾರೊಂದನ್ನು ವಿನ್ಯಾಸ ಮಾಡಿಸಿದರು. ಅದೇ ಅವಾಂಟಿ. 1962ರಲ್ಲಿ ಜನರೆದುರು ಬಂತು. ಫೈಬರ್‌ಗ್ಲಾಸ್ ಮೈಯ ಭಾಗಗಳು ಒಂದಕ್ಕೊಂದು ಸರಿಯಾಗಿ ಹೊಂದದೆ ತಯಾರಿಕೆ ತಡವಾಯಿತು, ಬುಕ್ ಮಾಡಿದವರು ಬೇಸತ್ತು ಬೇರೆ ಕಾರು ಕೊಂಡರು. 1963ರ ಡಿಸೆಂಬರಿನಲ್ಲಿ ಸೌತ್ ಬೆಂಡಿನ ಕಾರು ತಯಾರಿಕೆಯೇ ನಿಂತಿತು. ಎರಡು ವರ್ಷದ ಮಾದರಿಗಳೂ ಸೇರಿ ಐದು ಸಾವಿರ ಅವಾಂಟಿಗಳೂ ಹೊರಬರಲಿಲ್ಲ. ಇಷ್ಟು ಅಪರೂಪವಾದ ಮೇಲೆ ಬೆಲೆ ಏರದೆ ಇರುತ್ತದೆಯೇ? ಬೆಲೆ ಏರಿದ ಕಡೆ ಮೋಸವೂ ಬಂದು ಕೂರುತ್ತದೆ.

ನಾನು ಮಿಶಿಗನ್‌ನಲ್ಲಿರುವವನು. ನಾನು ಕೊಂಡ ಅವಾಂಟಿ ಇದ್ದದ್ದು ದೂರದ ಇನ್ನೊಂದು ರಾಜ್ಯದಲ್ಲಿ. ಜಾಹೀರಾತಿನಲ್ಲಿ ಎರಡು ಮಾತು ದಪ್ಪ ಅಕ್ಷರದಲ್ಲಿದ್ದವು: ಇದು ಅಸಲಿ ಆರ್2 (ಅಂದರೆ ಹೆಚ್ಚು ಶಕ್ತಿಯ ಎಂಜಿನ್ನಿನ ಅವಾಂಟಿ), ಮೈಯಲ್ಲಿ ತುಕ್ಕಿನ ಒಂದು ಚುಕ್ಕೆಯೂ ಇಲ್ಲ. ಎರಡನೆಯ ಮಾತು ಅಕ್ಷರಶಃ ನಿಜ. ಫೈಬರ್‌ಗ್ಲಾಸಿಗೆ ತುಕ್ಕು ಹಿಡಿಯುವುದಾದರೂ ಹೇಗೆ? ಕಾರು ನೋಡಿ ವರದಿ ಕೊಡಲೆಂದು ಹಣ ಕೊಟ್ಟು ಅಲ್ಲಿನ ತಪಾಸಣೆ ಸಂಸ್ಥೆಯೊಂದನ್ನೂ ಗೊತ್ತುಮಾಡಿದ್ದೆ. ಬಣ್ಣ, ಸೀಟು, ಗಾಜು, ಚಕ್ರ ಎಲ್ಲದರ ಚಿತ್ರಗಳಿದ್ದ ಚೆಂದದ ವರದಿ ಬಂತು. ‘ಉತ್ತಮ ಸ್ಥಿತಿ’ ಎಂದು ಷರಾ. ಹಣ ಪಾವತಿಯಾಯಿತು, ಕಾರು ಲಾರಿಯೇರಿ ಬಂತು.

ನಮ್ಮೂರಿನ ಹಳೆಯ ಮೆಕ್ಯಾನಿಕ್ ಒಬ್ಬರ ಬಳಿ ಒಯ್ದೆ. ಅವರು ಬಾನೆಟ್ ತೆರೆಯಲೇ ಇಲ್ಲ. ಚೌಕಟ್ಟಿಗೆ ಆಧಾರ ಕೊಟ್ಟು ಕಾರನ್ನು ಮೇಲೆತ್ತಿ, “ಈಗ ಬಾಗಿಲು ತೆರೆಯಿರಿ” ಎಂದರು. ಎಡಬಾಗಿಲು ಮಿಸುಕಲಿಲ್ಲ. ಅವಾಂಟಿಯ ಎರಡೂ ಬಾಗಿಲುಗಳ ಕೆಳಗೆ, ಮೈಯನ್ನು ಚೌಕಟ್ಟಿಗೆ ಬಿಗಿದು ಹಿಡಿಯುವ ಉದ್ದನೆಯ ಉಕ್ಕಿನ ಪೆಟ್ಟಿಗೆಗಳಿವೆ. ಹವ್ಯಾಸಿಗಳು ಅವನ್ನು ಹಾಗ್ ಟ್ರಫ್ ಎನ್ನುತ್ತಾರೆ. ನೀರು, ಮಣ್ಣು, ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಎಲ್ಲ ಅದರೊಳಗೆ ಸೇರಿ, ನೀರು ಹರಿದುಹೋಗುವ ತೂತುಗಳು ಕಟ್ಟಿಕೊಂಡರೆ ಪೆಟ್ಟಿಗೆ ಒಳಗಿನಿಂದಲೇ ಕೊಳೆಯುತ್ತದೆ. ಆಮೇಲೆ ಮೈ ನಡುವಿನಲ್ಲಿ ಬಾಗುತ್ತದೆ, ಬಾಗಿಲು ಕಚ್ಚಿಕೊಳ್ಳುತ್ತದೆ. ನನ್ನ ಕಾರಿನ ಅಡಿಗೆ ಹೊಳೆಯುವಷ್ಟು ದಪ್ಪಗೆ ಕಪ್ಪು ಟಾರು ಬಳಿದಿದ್ದರು. ಮೆಕ್ಯಾನಿಕ್ ಸ್ಕ್ರೂಡ್ರೈವರ್ ಒತ್ತಿದರು. ಅದು ಹಿಡಿಯವರೆಗೂ ಒಳಗೆ ಹೋಯಿತು. ಹೊರಗೆಳೆದಾಗ ಮೊದಲು ಹಳದಿ ಫೋಮ್ ಚೂರುಗಳು, ಹಿಂದೆಯೇ ಒಂದು ಬೊಗಸೆಯಷ್ಟು ತುಕ್ಕಿನ ಹಕ್ಕಳೆ ನೆಲಕ್ಕೆ ಉದುರಿತು. ಇದು ಸವೆತವಲ್ಲ, ಗೊತ್ತಿದ್ದೂ ಮುಚ್ಚಿದ್ದು. ಫೋಮ್ ತಾನಾಗಿ ಹುಟ್ಟುವುದಿಲ್ಲ.

ಇನ್ನು ಆರ್2 ಕತೆ. ಆರ್1 ಎಂದರೆ 289 ಘನ ಅಂಗುಲದ ಸಾಮಾನ್ಯ ವಿ8 ಎಂಜಿನ್. ಅದೇ ಎಂಜಿನ್ನಿಗೆ ಹೆಚ್ಚಿನ ಗಾಳಿ ತುರುಕುವ ಪ್ಯಾಕ್ಸ್‌ಟನ್ ಸೂಪರ್‌ಚಾರ್ಜರ್ ಕೂರಿಸಿ, ಸಿಲಿಂಡರಿನೊಳಗೆ ಗಾಳಿ-ಇಂಧನವನ್ನು ಅದುಮುವ ಪ್ರಮಾಣವನ್ನು, ಅಂದರೆ ಸಂಪೀಡನವನ್ನು, 10.25ರಿಂದ 9ಕ್ಕೆ ಇಳಿಸಿದ್ದು ಆರ್2. ನನ್ನ ಕಾರಿನಲ್ಲಿ ಸೂಪರ್‌ಚಾರ್ಜರ್ ಇತ್ತು, ನಿಜ. ಆದರೆ ಬ್ಲಾಕಿನ ಮುಂದುಗಡೆ, ಎಣ್ಣೆ ತುಂಬುವ ಕೊಳವೆಯ ಬುಡದಲ್ಲಿ ಜಿಡ್ಡು ಒರೆಸಿ ನೋಡಿದರೆ ಎಂಜಿನ್ ಸಂಖ್ಯೆ ಬರಿಯ ‘ಆರ್’ ಅಕ್ಷರದಿಂದ ಶುರುವಾಗಿತ್ತು. ಅವಾಂಟಿಯ ಆರ್2 ಎಂಜಿನ್ನಿನಲ್ಲಿ ಅಲ್ಲಿ ‘ಆರ್‌ಎಸ್’ ಎಂದಿರಬೇಕು. ಯಾರೋ ಆಮೇಲೆಂದೋ ಆರ್1ಕ್ಕೆ ಸೂಪರ್‌ಚಾರ್ಜರ್ ಸಿಕ್ಕಿಸಿ ಬೆಲೆ ಏರಿಸಿದ್ದಾರೆ. ಹೆಚ್ಚಿನ ಸಂಪೀಡನದ ಎಂಜಿನ್ನಿಗೆ ಇನ್ನಷ್ಟು ಗಾಳಿ ತುರುಕಿದರೆ ಅದು ಎಷ್ಟು ಕಾಲ ಬಡಿದಾಡದೆ ಓಡೀತು? ಫೋನಿನಲ್ಲಿ ಕೇಳಿದರೆ ಮಾರಿದವನು, “ಕಾರಿನ ಸೀರಿಯಲ್ ನಂಬರಿನಲ್ಲೇ 63ಆರ್ ಎಂದಿದೆಯಲ್ಲ” ಎಂದ. ಆ ಆರ್ ಆ ವರ್ಷದ ಪ್ರತಿಯೊಂದು ಅವಾಂಟಿಯಲ್ಲೂ ಇದೆ. ಅವನಿಗೂ ಇದು ಚೆನ್ನಾಗಿ ಗೊತ್ತಿತ್ತೆಂಬುದು ನನ್ನ ಗುಮಾನಿ.

ತಪಾಸಣೆ ಸಂಸ್ಥೆಯವರ ಉತ್ತರ ಇನ್ನೂ ಸೊಗಸು: ಕಾರನ್ನು ಎತ್ತಿ ನೋಡುವುದು ನೀವು ಆರಿಸಿದ ಸೇವೆಯಲ್ಲಿ ಸೇರಿಲ್ಲ. ವರದಿಯ ಕೊನೆಯ ಪುಟದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಅದು ಇದ್ದೇ ಇತ್ತು. ತಪಾಸಣೆಯ ಹಣ ಕೊಟ್ಟಾದ ಮೇಲೆ ಬರುವ ವರದಿಯ ಕೊನೆಯ ಪುಟದಲ್ಲಿ! ವಕೀಲರನ್ನು ಕಂಡೆ. ಕಾರನ್ನು ‘ಇದ್ದ ಸ್ಥಿತಿಯಲ್ಲಿ’ ಮಾರಿದ್ದರಿಂದ ತುಕ್ಕಿನ ವಿಷಯದಲ್ಲಿ ಹೋರಾಡುವುದು ಕಷ್ಟ, ಆದರೆ ಆರ್2 ಎಂದು ಬರೆದುಕೊಟ್ಟದ್ದು ಬೇರೆ ವಿಷಯ ಎಂದರು. ಜಾಹೀರಾತಿನ ಪ್ರತಿ ಉಳಿಸಿಕೊಂಡಿದ್ದೆ. ವಕೀಲರ ಪತ್ರ ಹೋದ ಮೇಲೆ ಮಾರಿದವನು ಒಂದಿಷ್ಟು ಹಣ ಹಿಂದಿರುಗಿಸಿದ. ರಿಪೇರಿಯ ಖರ್ಚಿಗೆ ಅದು ಯಾವ ಮೂಲೆಗೂ ಸಾಲದು.

ಹೀಗಾಗಿ, ತಪಾಸಣೆಗೆ ಕಳಿಸುವವರು ಕಾರನ್ನು ಎತ್ತಿ, ಎತ್ತಿದ ಸ್ಥಿತಿಯಲ್ಲೇ ಎರಡೂ ಬಾಗಿಲು ತೆರೆದು ಮುಚ್ಚುವ ವಿಡಿಯೊ ಕೊಡಬೇಕೆಂದು ಮೊದಲೇ ಬರೆಸಿಕೊಳ್ಳಿ. ಅಡಿಗೆ ಹೊಸದಾಗಿ ಟಾರು ಬಳಿದಿದ್ದರೆ ಅದನ್ನು ಗುಣವೆಂದು ಎಣಿಸಬೇಡಿ. ಎಂಜಿನ್ ಸಂಖ್ಯೆಯ ಹತ್ತಿರದ ಚಿತ್ರ ಕೇಳಿ. ಸೌತ್ ಬೆಂಡಿನ ಸ್ಟೂಡಿಬೇಕರ್ ರಾಷ್ಟ್ರೀಯ ಮ್ಯೂಸಿಯಂನಲ್ಲಿ ಕಾರ್ಖಾನೆಯ ಹಳೆಯ ಕಡತಗಳಿವೆ. ಕಾರಿನ ಸೀರಿಯಲ್ ನಂಬರ್ ಕೊಟ್ಟು ಶುಲ್ಕ ಕಟ್ಟಿದರೆ ಆ ಕಾರಿನ ತಯಾರಿಕಾ ಆದೇಶದ ಪ್ರತಿ ಸಿಗುತ್ತದೆ. ಅದರಲ್ಲಿ ಎಂಜಿನ್ ಯಾವುದು, ಬಣ್ಣ ಯಾವುದು ಎಂಬುದೆಲ್ಲ ಇರುತ್ತದೆ. ಆ ಪ್ರತಿ ಕೈಗೆ ಬರುವವರೆಗೆ ಕಾಯಲು ಒಪ್ಪದೆ “ಇನ್ನೊಬ್ಬರು ನಾಳೆಯೇ ಬರುತ್ತಿದ್ದಾರೆ” ಎನ್ನುವವರಿಗೆ, ಆ ಇನ್ನೊಬ್ಬರಿಗೇ ಮಾರಿ ಎಂದು ಹೇಳಿ ಫೋನ್ ಇಡಿ.

ತುಕ್ಕು ಹಿಡಿಯದ ಉಕ್ಕಿನ ಬದಲಿ ಪೆಟ್ಟಿಗೆಗಳು ಈಗಲೂ ಸಿಗುತ್ತವೆ, ಪೆಟ್ಟಿಗೆಗಿಂತ ಕೂಲಿಯೇ ದುಬಾರಿ. ಮೈಯನ್ನು ಚೌಕಟ್ಟಿನಿಂದ ಒಂದಿಷ್ಟು ಎತ್ತಿ, ಬಾಗಿಲ ಸಂದು ಸರಿಮಾಡಿಕೊಂಡು ಕೂರಿಸಬೇಕು. ನನ್ನ ಕಾರಿನ ಬಲಗಡೆ ಮುಗಿದಿದೆ, ಎಡಗಡೆಯ ಕೆಲಸ ಮುಂದಿನ ತಿಂಗಳು. ಸೂಪರ್‌ಚಾರ್ಜರ್ ಬಿಚ್ಚಿಸಿ ಮಾರಾಟಕ್ಕಿಟ್ಟಿದ್ದೇನೆ. ಅಸಲಿ ಆರ್2 ಇರುವವರು ಯಾರಾದರೂ ಬೇಕಿದ್ದರೆ ಕೇಳಿ.