ಹಲ್ಲಿನ ಬಣ್ಣದ ಫಿಲ್ಲಿಂಗ್: ಕಾಂಪೊಸಿಟ್ ಹಾಕಿಸುವುದಾ, ಜಿಐಸಿ ಹಾಕಿಸುವುದಾ?

ಮುಂದಿನ ಹಲ್ಲಿನ ತುದಿ ಮುರಿದಿದ್ದರೆ ಜಾಸ್ತಿ ಯೋಚಿಸಬೇಡಿ, ಕಾಂಪೊಸಿಟ್, ಅಂದರೆ ರಾಳದ (ರೆಸಿನ್) ಫಿಲ್ಲಿಂಗ್, ಹಾಕಿಸಿ. ಬಣ್ಣ ಚೆನ್ನಾಗಿ ಹೊಂದುತ್ತದೆ. ಆದರೆ ಬಣ್ಣ ಹೊಂದಿಸುವ ಮಾದರಿ ಪಟ್ಟಿಯನ್ನು ಕೆಲಸ ಶುರುವಾಗುವ ಮೊದಲೇ ಹಲ್ಲಿನ ಪಕ್ಕ ಹಿಡಿದು ನೋಡಬೇಕು. ಒಣಗಿದ ಹಲ್ಲು ಇನ್ನೂ ಬೆಳ್ಳಗೆ ಕಾಣುತ್ತದೆ, ಅಲ್ಲಿಗೆ ಲೆಕ್ಕ ತಪ್ಪುತ್ತದೆ. ಸಾಮಾನ್ಯವಾಗಿ 2 ಮಿಲಿಮೀಟರ್ ದಪ್ಪದ ಪದರ ತುಂಬಿ, ಪ್ರತಿ ಪದರಕ್ಕೂ ನೀಲಿ ಬೆಳಕು ಹಿಡಿದು ಗಟ್ಟಿ ಮಾಡುತ್ತಾರೆ. ನಡುವೆ ಎಂಜಲು ತಾಗಿದರೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಹಾಗಾಗಿ ರಬ್ಬರ್ ಡ್ಯಾಮ್ (ಎಂಜಲು ತಾಗದಂತೆ ಹಲ್ಲಿನ ಸುತ್ತ ಹಾಕುವ ರಬ್ಬರ್ ಹಾಳೆ) ಹಾಕುತ್ತೀರಾ ಅಂತ ಕೇಳಿ, ಸಂಕೋಚ ಬೇಡ.

ಜಿಐಸಿ, ಅಂದರೆ ಗ್ಲಾಸ್ ಅಯಾನೋಮರ್, ತಾನಾಗಿಯೇ ಹಲ್ಲಿಗೆ ಅಂಟುತ್ತದೆ. ಫ್ಲೋರೈಡನ್ನೂ ಬಿಡುತ್ತದೆ. ಒಸಡಿನ ಹತ್ತಿರ ಸವೆದ ಜಾಗಕ್ಕೆ, ಸುಮ್ನೆ ಕೂರದ ಮಕ್ಕಳ ಹಾಲುಹಲ್ಲಿಗೆ ನನ್ನ ಆಯ್ಕೆ ಇದೇ. ಖರ್ಚೂ ಕಡಿಮೆ. ಹೊಳಪು ಮಾತ್ರ ಕಮ್ಮಿ, ಅಗಿಯುವ ದವಡೆ ಹಲ್ಲಿನಲ್ಲಿ ಬೇಗ ಸವೆಯುತ್ತದೆ.

ಮುಂಬೈ ಕಡೆಯ ಮಾಟುಂಗ, ಡೊಂಬಿವಲಿಯ ನಮ್ಮವರು ಖಾಸಗಿ ಕ್ಲಿನಿಕ್‌ನ ದರ ಕೇಳಿ ಚಿಕಿತ್ಸೆ ಮುಂದೂಡಬೇಡಿ. ಮುಂಬೈ ಸೆಂಟ್ರಲ್‌ನಲ್ಲಿ ಪಾಲಿಕೆಯ ನಾಯರ್ ದಂತ ಆಸ್ಪತ್ರೆ ಇದೆ. ಸಮಯ ಹಿಡಿಯುತ್ತದೆ, ಆದರೆ ದುಡ್ಡು ಉಳಿಯುತ್ತದೆ. ಹಲ್ಲಿನ ಅರ್ಧಕ್ಕಿಂತ ಜಾಸ್ತಿ ಹೋಗಿದ್ದರೆ ಈ ಎರಡು ಫಿಲ್ಲಿಂಗ್‌ಗಳೂ ಸಾಕಾಗದೆ ಇರಬಹುದು. ಆಗ ಕ್ಯಾಪ್ ಬಗ್ಗೆ ವಿಚಾರಿಸಿ.